ಬಿಚ್ಚಿ ಕೂಡಿಸಿದ ಗಾಡಿ ಅದೇನಾ?

ಮುಂಡರಗಿ ಕಡೆಯ ಈರುಳ್ಳಿ ಸಾಗಿಸುವ ಪಿಕಪ್ ಹೊಗೆ ಉಗುಳಿ ಆಯಿಲ್ ತಿನ್ನತೊಡಗಿದರೆ, ಡೀಸೆಲ್ ಎಂಜಿನ್ನನ್ನು ಮನೆಯಂಗಳದಲ್ಲೇ ಬಿಚ್ಚುವುದುಂಟು. ಪಿಸ್ಟನ್, ರಿಂಗ್, ಬೇರಿಂಗ್ ಹೊಸವು. ಟರ್ಬೊ ಕೂಡಿಸಿದರೆ ಬಲವೂ ಬೇರೆ. ಆಮೇಲೂ ಅದು ಹಳೆಯ ಗಾಡಿಯೇ?

ರಥದ ಅಚ್ಚು, ಗಾಲಿ, ನೊಗಗಳಲ್ಲಿ ರಥ ಯಾವುದೆಂದು ಬೌದ್ಧ ಭಿಕ್ಷು ನಾಗಸೇನ ರಾಜ ಮಿಲಿಂದನನ್ನು ಕೇಳಿದ್ದ. ನಾಗಸೇನನ ಮಟ್ಟಿಗೆ ರಥ ಬರೀ ಹೆಸರು. ಜೈನ ಪರಂಪರೆ ಇದನ್ನೊಪ್ಪದು: ಹುಟ್ಟು, ಅಳಿವು, ಸ್ಥಿರತೆ ಮೂರೂ ಒಂದೇ ವಸ್ತುವಿನಲ್ಲಿವೆ. ಎಂಜಿನ್ನಿನ ಸವೆದ ಸಿಲಿಂಡರ್ ಲೈನರಿನ ಮೇಲಂಚಿನಲ್ಲಿ ಉಗುರಿಗೆ ತಾಗುವ ದಂಡೆ ನೋಡಿದರೆ ಈ ಮಾತೇ ಸರಿಯೆನಿಸುತ್ತದೆ. ರಿಂಗ್ ಮುಟ್ಟದ ಆ ಜಾಗದಲ್ಲಿ ಮೊದಲಿನ ಅಳತೆ ಹಾಗೇ ಇದೆ. ಆದರೆ ಜೈನರಿಗೆ ಉಳಿಯುವ ದ್ರವ್ಯ ಪುದ್ಗಲ, ಅಂದರೆ ಜಡವಸ್ತು; ಗಾಡಿಯಲ್ಲ.

ಆರ್‌ಟಿಒಗೆ ಇಷ್ಟೆಲ್ಲ ಗೊಂದಲವಿಲ್ಲ: ಚಾಸಿ ನಂಬರ್ ಅದೇ ಇದ್ದರೆ ಗಾಡಿಯೂ ಅದೇ, ಎಂಜಿನ್ ನಂಬರ್ ಬದಲಾದರೆ ಆರ್‌ಸಿ ತಿದ್ದಿಸಬೇಕು.