ಕತ್ತರಿ ಯಾರ ಕೈಯಲ್ಲಿದೆ?

ಸಿರುಗುಪ್ಪದಿಂದ, ಕುರುಗೋಡಿನಿಂದ ಬೆಳಿಗ್ಗೆನೇ ಬಸ್ ಹತ್ತಿ ಬಂದ ಯೌವನಸ್ಥರಿಗೆ ವಂದನೆ. ಯೋಹಾನನ ಸುವಾರ್ತೆ 15ನೇ ಅಧ್ಯಾಯ ತೆರೆಯಿರಿ, 1ರಿಂದ 8ನೇ ವಚನ. ಫೋನಲ್ಲಿ ಬೈಬಲ್ ಇರೋರು ಬೈಬಲ್ ಮಾತ್ರ ತೆರೆಯಿರಿ, ವಾಟ್ಸಾಪ್ ಅಲ್ಲ.

ಓದಿದ್ರಲ್ಲ? ಯೇಸು ದ್ರಾಕ್ಷಾಬಳ್ಳಿ, ತಂದೆ ತೋಟಗಾರ, ನಾವು ಕೊಂಬೆಗಳು. ಈ ಭಾಗದ ಮೇಲೆ ನೀವು ಎಷ್ಟೋ ಸಂದೇಶ ಕೇಳಿದ್ದೀರಿ. ಅದರಿಂದ ಒಂದು ಮಾತು ನಮ್ಮ ಸಭೆಗಳಲ್ಲಿ ಗಾದೆ ಥರ ಆಗಿಬಿಟ್ಟಿದೆ. ಯಾರಿಗೆ ಏನೇ ಆಗಲಿ, "ದೇವರು ಕತ್ತರಿಸ್ತಾ ಇದ್ದಾನೆ, ಸಹಿಸ್ಕೋ." ಕೆಲಸ ಹೋಯ್ತಾ? ದೇವರ ಕತ್ತರಿ. ಮನೇಲಿ ಹೊಡೀತಾರಾ? ಅದೂ ದೇವರ ಕತ್ತರಿ.

ಹೋದ ತಿಂಗಳು ಒಬ್ಬ ತಂಗಿ ಬಂದು ಕೇಳಿದಳು. ಆಕೆಯನ್ನು ಕೇಳಿಯೇ ಇಲ್ಲಿ ಹೇಳ್ತಾ ಇದ್ದೀನಿ. "ಅಯ್ಯಗಾರೇ, ಡಿಗ್ರಿ ಇನ್ನು ಒಂದೇ ವರ್ಷ ಇದೆ. ಮನೆಯಲ್ಲಿ ಬಿಡು ಅಂತಾರೆ. ದೇವರು ಕತ್ತರಿಸ್ತಾ ಇದ್ದಾನೆ, ಎದುರು ಮಾತಾಡಬೇಡ ಅಂತ ಪ್ರಾರ್ಥನೆಗೆ ಬರೋ ಅಕ್ಕಂದಿರೂ ಹೇಳ್ತಾರೆ. ಹೌದಾ?"

ಈ ಮೇಜಿನ ಮೇಲಿರೋ ಗಿಡ ಅದಕ್ಕೇ ತಂದಿದ್ದು. ನರ್ಸರಿಯಲ್ಲಿ ಇದನ್ನ ಜೇಡ್ ಅಂತ ಮಾರ್ತಾರೆ. ಸಸ್ಯಶಾಸ್ತ್ರದವರು ಪೋರ್ಟುಲಕೇರಿಯಾ ಆಫ್ರಾ ಅಂತಾರೆ. ಎಲೆಯಲ್ಲಿ, ಕಾಂಡದಲ್ಲಿ ನೀರು ತುಂಬಿಟ್ಟುಕೊಳ್ಳೋ ಗಿಡ. ನಮ್ಮ ಬಳ್ಳಾರಿಯಲ್ಲಿ ಬೇಸಿಗೆ 40 ಡಿಗ್ರಿ ದಾಟಿದರೂ ಮಹಡಿ ಮೇಲೆ ಬದುಕಿದೆ. ನೀರಿಗೆ ಬರ ಬಂದಾಗ ಹಗಲು ಎಲೆಯ ರಂಧ್ರ ಮುಚ್ಚಿ ರಾತ್ರಿ ಉಸಿರಾಡ್ತದೆ. (ಶುಕ್ರವಾರದ ರಾತ್ರಿ ಪ್ರಾರ್ಥನೆಗೆ ಬರದೇ ಇರೋರು ಇದನ್ನ ಸ್ವಲ್ಪ ಯೋಚನೆ ಮಾಡ್ರಿ.)

ನಾಲ್ಕು ವರ್ಷದಿಂದ ಇದನ್ನ ಬೋನ್ಸಾಯ್ ಮಾಡ್ತಾ ಇದ್ದೀನಿ. ಜಪಾನಿ ಭಾಷೆಯಲ್ಲಿ ಆ ಪದಕ್ಕೆ ತಟ್ಟೆಯಲ್ಲಿ ನೆಟ್ಟದ್ದು ಅಂತ ಅರ್ಥ. ಕತ್ತರಿ ಹಿಡಿಯೋದಕ್ಕೆ ಮೊದಲು ಗಿಡವನ್ನ ಸುತ್ತ ತಿರುಗಿಸಿ ನೋಡಬೇಕು. ಬುಡ ಯಾವ ಕಡೆ ಬಾಗಿದೆ, ಯಾವ ಕೊಂಬೆ ಇನ್ನೊಂದರ ಬೆಳಕು ತಿಂತಾ ಇದೆ? ಕಾಂಡದ ಮೇಲೆ ಉಂಗುರದ ಹಾಗೆ ಗೆರೆ ಕಾಣ್ತದಲ್ಲ, ಅದು ಗಿಣ್ಣು, ಎಲೆ ಜೋಡಿ ಇದ್ದ ಜಾಗ. ಗಿಣ್ಣಿಗೆ ಸ್ವಲ್ಪ ಮೇಲೆ ಕತ್ತರಿಸಿದ್ರೆ ಸಾಮಾನ್ಯವಾಗಿ ಒಂದಿದ್ದ ಕಡೆ ಎರಡು ಚಿಗುರು ಬರ್ತವೆ. ಅಂದ್ರೆ ಗಿಡ ಬಲ್ಲವನು ಚಿಗುರು ಎಲ್ಲಿದೆ ಅಂತ ನೋಡಿಯೇ ಕತ್ತರಿ ಇಡ್ತಾನೆ. ತಂತಿ ಸುತ್ತಿಯೂ ಬಗ್ಗಿಸಬಹುದು. ಆದರೆ ಇದರ ಕಾಂಡ ಮೆತ್ತಗೆ, ದಪ್ಪ ಆಗ್ತಾ ಆಗ್ತಾ ತಂತಿ ಒಳಗೆ ಕಚ್ಚಿಕೊಳ್ತದೆ. ಯೌವನಸ್ಥರಿಗೆ ತಂತಿ ಸುತ್ತೋ ಸಭೆಗಳೂ ಇವೆ, ಅದು ಇನ್ನೊಂದು ದಿನದ ಸಂದೇಶ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಈ ಗಿಡದ ತವರು ದಕ್ಷಿಣ ಆಫ್ರಿಕಾ. ಅಲ್ಲಿ 1931ರಲ್ಲಿ ಆದ ಆಡೋ ಎಂಬ ಆನೆಗಳ ಕಾಡಿದೆ. ಆ ಆನೆಗಳಿಗೆ ಇದೇ ದೊಡ್ಡ ಮೇವು. ಆನೆ ಮೇಲಿಂದ ತಿಂತದೆ. ಮುರಿದು ಬಿದ್ದ ತುಂಡು ನೆಲದಲ್ಲಿ ಬೇರು ಬಿಡ್ತದೆ. ಬುಡದ ಸುತ್ತ ಲಂಗದ ಹಾಗೆ ಹರಡಿದ ಕೆಳಗಿನ ಕೊಂಬೆಗಳು ಉಳಿದು, ಅವೂ ಮಣ್ಣಿಗೆ ತಾಗಿ ಬೇರೂರ್ತವೆ. ಅಷ್ಟು ದೊಡ್ಡ ಪ್ರಾಣಿ ದಿನಾ ಮುರಿದರೂ ಪೊದೆ ಬದುಕ್ತದೆ. ಅದೇ ಜಾಗದಲ್ಲಿ ಮೇಕೆ ಬಿಟ್ಟರೆ? ಮೇಕೆ ಕೆಳಗಿಂದ ತಿಂತದೆ. ಆ ಲಂಗವನ್ನೇ ಮೊದಲು ಮುಗಿಸ್ತದೆ. ಗಿಡ ಕೊಡೆ ಹಾಗೆ ನಿಲ್ತದೆ, ನೋಡೋಕೆ ಇನ್ನೂ ಹಸಿರು. ಬುಡ ಬಿಸಿಲಿಗೆ ಬೀಳ್ತದೆ, ಹೊಸ ಬೇರಿಗೆ ಜಾಗವಿಲ್ಲ. ನಿಧಾನಕ್ಕೆ ಪೊದೆಗೆ ಪೊದೆಯೇ ಸಾಯ್ತದೆ. ಹೀಗೆ ಬೋಳಾದ ಭೂಮಿ ಅಲ್ಲಿ ಬಹಳ ಇದೆ.

ಪ್ರಿಯರೇ, ಕಳಕೊಂಡ ಎಲೆ ಎಷ್ಟು ಅಂತ ಎಣಿಸಿದ್ರೆ ಆನೆಯೇ ಹೆಚ್ಚು ತಿಂದಿರ್ತದೆ. ಆದರೂ ಗಿಡ ಕೊಲ್ಲೋದು ಮೇಕೆ. ನೋವು ಎಷ್ಟು ಅನ್ನೋದರಿಂದ ಇದು ದೇವರದಾ ಅಲ್ಲವಾ ಅಂತ ಗೊತ್ತಾಗಲ್ಲ. ಕಚ್ಚಿದ್ದು ಎಲ್ಲಿ, ಉಳಿಸಿದ್ದು ಏನು ಅಂತ ನೋಡಬೇಕು.

ನಮ್ಮ ಸಿರುಗುಪ್ಪದ ಕಡೆ ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯೋ ಬ್ರದರ್ ಒಬ್ಬರಿದ್ದಾರೆ. ಆನ್‌ಲೈನ್ ರಮ್ಮಿ ಬಿಟ್ಟರು. ಅದರ ಜೊತೆ ಆರು ವರ್ಷದ ಗೆಳೆಯರೂ ಹೋದರು. ಮೂರು ತಿಂಗಳು ಒಬ್ಬರೇ ಅತ್ತರು. ಅದು ಮೇಲಿಂದ ಬಿದ್ದ ಕತ್ತರಿ. ಬುಡ ಉಳೀತು, ಪ್ರಾರ್ಥನೆ ಉಳೀತು, ತಾಯಿಯ ಒಡವೆ ಬ್ಯಾಂಕಿನಿಂದ ವಾಪಸ್ ಬಂತು. ಹಲ್ಲೆಲೂಯ! ಆದರೆ ಒಂದು ಹುಡುಗಿಯ ಓದು, ಆಕೆಯ ಮರ್ಯಾದೆ, ನಾಳೆ ಅನ್ನೋ ಆಸೆ ಇವು ಬುಡದ ಕೊಂಬೆಗಳು. ಅವನ್ನ ತಿನ್ನೋದಕ್ಕೆ ತೋಟಗಾರನ ಹೆಸರು ಇಡಬೇಡಿ. ಕದಿಯೋದಕ್ಕೂ ಕೊಲ್ಲೋದಕ್ಕೂ ಬರುವವನು ಯಾರು ಅಂತ ಇದೇ ಯೋಹಾನ 10ನೇ ಅಧ್ಯಾಯದಲ್ಲಿ ಹೇಳಿದ್ದಾನಲ್ಲ?

15ರ 2ನೇ ವಚನದಲ್ಲಿ ಫಲ ಕೊಡೋ ಕೊಂಬೆಯ ವಿಷಯಕ್ಕೆ ಗ್ರೀಕ್‌ನಲ್ಲಿರೋ ಪದ ಕಥೈರೊ. ಶುಚಿ ಮಾಡು ಅಂತ ಅರ್ಥ. ಮುಂದಿನ ವಚನದಲ್ಲೂ ಅದೇ ಧಾತು: ಶಿಷ್ಯರು ಆಗಲೇ ಶುದ್ಧರಾಗಿದ್ದರು. ಯಾವುದರಿಂದ? ಯೇಸು ಹೇಳಿದ ವಾಕ್ಯದಿಂದ. ಹಾಗಾದ್ರೆ ಕತ್ತರಿ ಯಾವುದು ಅಂತ ಬೈಬಲ್ಲೇ ಹೇಳ್ತು. ಅಪ್ಪನ ಬೆಲ್ಟು ಅಲ್ಲ, ಮ್ಯಾನೇಜರ್‌ನ ಬೈಗುಳವೂ ಅಲ್ಲ.

ಇನ್ನೊಂದು ಮಾತು, ನಿಜವಾಗಿ ಕತ್ತರಿಸಲ್ಪಟ್ಟವರಿಗೆ. ಈ ಜಾತಿ ಗಿಡ ಕತ್ತರಿಸಿದ ಮೇಲೆ ನೀರು ಹಾಕಬಾರದು. ಗಾಯ ಒಣಗಿ ಪೊರೆ ಕಟ್ಟಬೇಕು. ಪಾಪ ಅಂತ ಸುರಿದ್ರೆ ಕೊಳೀತದೆ. ಸಿರುಗುಪ್ಪದ ಎರೆ ಮಣ್ಣು ಭತ್ತಕ್ಕೆ ಚಿನ್ನ, ಈ ಕುಂಡಕ್ಕೆ ಹಾಕಿದ್ರೆ ನೀರು ಹಿಡಿದು ಬೇರು ಹೋಗ್ತದೆ. ಇದಕ್ಕೆ ದಪ್ಪ ಮರಳು, ಇಟ್ಟಿಗೆ ಚೂರು ಬೇಕು. ಆದ್ದರಿಂದ ಅಳ್ತಾ ಇರೋ ಸ್ನೇಹಿತನಿಗೆ ದಿನಕ್ಕೆ ಇಪ್ಪತ್ತು ವಚನ ಫಾರ್ವರ್ಡ್ ಮಾಡಬೇಡಿ. ಪಕ್ಕದಲ್ಲಿ ಕೂತ್ಕೊಳ್ಳಿ, ಒಂದು ಟೀ ಕುಡಿಸಿ. ಆ ಒಣ ದಿನಗಳಲ್ಲಿ ದೇವರು ಮಾತಾಡ್ತಿಲ್ಲ ಅನಿಸ್ತದೆ. ಒಳಗೆ ಪೊರೆ ಕಟ್ತಾ ಇರ್ತದೆ.

ಆ ತಂಗಿಗೆ ನಾನು ಹೇಳಿದ್ದು ಇಷ್ಟೇ: "ಇಲ್ಲಮ್ಮಾ, ಇದು ದೇವರ ಕತ್ತರಿ ಅಲ್ಲ. ನಾನೇ ಬಂದು ಅಪ್ಪಾಜಿ ಹತ್ರ ಮಾತಾಡ್ತೀನಿ." ಬುಧವಾರ ನಾನೂ ನನ್ನ ಹೆಂಡತಿಯೂ ಕುರುಗೋಡಿಗೆ ಹೋಗ್ತಾ ಇದ್ದೀವಿ. ಪರೀಕ್ಷೆ ಫೀಸು ಕಟ್ಟೋದಕ್ಕೆ ಕಡೇ ದಿನ ಶುಕ್ರವಾರ. ಅದಕ್ಕಾಗಿ ಈಗಲೇ ಪ್ರಾರ್ಥಿಸೋಣ, ಎಲ್ಲರೂ ಎದ್ದು ನಿಲ್ಲಿ. ನಿಮ್ಮಲ್ಲೂ ಯಾರಿಗಾದರೂ ಬುಡದಲ್ಲಿ ಕಚ್ಚಿದ ಗಾಯ ಇದ್ರೆ ಸ್ತುತಿ ಹಾಡೋ ಹೊತ್ತಿಗೆ ಮುಂದೆ ಬನ್ನಿ. ಅಕ್ಕಂದಿರ ಹತ್ತಿರ ಮಾತಾಡಬೇಕು ಅನ್ನೋ ಸಹೋದರಿಯರಿಗೆ ಎಡಗಡೆ ಕೋಣೆ ತೆರೆದಿದೆ.