ಕರೆಯದೆ ಬಂದ ಆಟಗಾರನೂ ಪಂಕ್ತಿಧರ್ಮವೂ

ಒಂದೇ ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸುವಾಗ ಒಬ್ಬನಿಗೆ ಹೆಚ್ಚು, ಮತ್ತೊಬ್ಬನಿಗೆ ಕಡಮೆ ಮಾಡುವುದನ್ನು ಹಿರಿಯರು ಪಂಕ್ತಿಭೇದವೆಂದು ಕರೆದು ದೋಷಗಳ ಸಾಲಿಗೆ ಸೇರಿಸಿದರು. ಕೂಡಿ ಉಣ್ಣುವವರ ವಿಷಯದಲ್ಲಿ ಹೇಳಿದ ಈ ಮಾತು ಕೂಡಿ ದುಡಿಯುವವರಿಗೂ ಸಲ್ಲತಕ್ಕದ್ದೆ? ಕರೆಸಿಕೊಂಡು ಬಂದವನಿಗೂ ತಾನಾಗಿ ಬಂದವನಿಗೂ ದುಡಿಮೆಯಲ್ಲಿ ಭೇದವಿಲ್ಲದಿರುವಾಗ ಅನ್ನದಲ್ಲಿ ಭೇದವಿರಬಹುದೆ? ಈ ಪ್ರಶ್ನೆಯು ಅಮೆರಿಕ ಸಂಯುಕ್ತ ಸಂಸ್ಥಾನಗಳ ಕಾಲೇಜುಗಳ ಫುಟ್‌ಬಾಲ್ ಆಟದಲ್ಲಿ ಬಹು ಸ್ಪಷ್ಟವಾಗಿ ಎದ್ದುದರಿಂದ, ಆ ನಿದರ್ಶನವನ್ನೇ ಹಿಡಿದು ವಿಚಾರಿಸುವುದು ಯುಕ್ತ.

ಆ ದೇಶದಲ್ಲಿ ಫುಟ್‌ಬಾಲ್ ಎಂದರೆ ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎದುರಾಳಿಯನ್ನು ಮೈಯಿಂದ ತಡೆದು ಕೆಡಹುವ ಉಗ್ರವಾದ ಕ್ರೀಡೆ. ಅಲ್ಲಿನ ದೊಡ್ಡ ಕಾಲೇಜುಗಳು ಸಮರ್ಥರಾದ ಯುವಕರನ್ನು ಆರಿಸಿ, ಶುಲ್ಕ, ವಸತಿ, ಊಟಗಳನ್ನು ವಿದ್ಯಾರ್ಥಿವೇತನದ ರೂಪದಲ್ಲಿ ಕೊಟ್ಟು ಕರೆತರುತ್ತವೆ. 2025ಕ್ಕೆ ಹಿಂದೆ ಮೂರು ದಶಕಗಳ ಕಾಲ, ಅಗ್ರಶ್ರೇಣಿಯ ತಂಡವೊಂದರಲ್ಲಿ ಇಂಥ ವೇತನ ಪಡೆಯುವವರು 85 ಮಂದಿಯನ್ನು ಮೀರಕೂಡದೆಂಬ ನಿಯಮವಿತ್ತು. ಆದರೆ ತಂಡಗಳಲ್ಲಿ ಅದಕ್ಕಿಂತ ಹೆಚ್ಚು ಮಂದಿ ಇರುತ್ತಿದ್ದರು. ಉಳಿದವರು ವೇತನವಿಲ್ಲದೆ ತಾವಾಗಿ ನಡೆದು ಬಂದು ಸೇರಿದವರು. ಅವರಿಗೆ ‘ವಾಕ್-ಆನ್’ ಎಂದೇ ಹೆಸರು. ವ್ಯಾಯಾಮವೂ ಅಭ್ಯಾಸವೂ ಎಲ್ಲರಿಗೂ ಸಮಾನ. ಅಷ್ಟೇ ಅಲ್ಲ, ಮುಂದಿನ ಪಂದ್ಯದ ಎದುರಾಳಿಗಳ ಆಟವನ್ನು ಅನುಕರಿಸಿ, ಮುಖ್ಯ ಆಟಗಾರರ ಪೆಟ್ಟುಗಳನ್ನು ಮೈಮೇಲೆ ತೆಗೆದುಕೊಳ್ಳುವ ಕೆಲಸವೂ ಹೆಚ್ಚಾಗಿ ಇವರ ಪಾಲಿನದು. ಪಂದ್ಯದ ದಿನವಾದರೋ ಇವರಲ್ಲಿ ಬಹುಮಂದಿ ಕಣದ ಅಂಚಿನಲ್ಲಿಯೇ ನಿಂತಿರುತ್ತಾರೆ. 1975ರ ನವೆಂಬರ್ 8ರಂದು ನೋಟರ್ ಡೇಮ್ ವಿಶ್ವವಿದ್ಯಾಲಯದ ರೂಡಿ ರೂಟಿಗರ್ ಎಂಬ ಇಂಥ ಆಟಗಾರನು ಪಂದ್ಯದ ಕಡೆಯ ಗಳಿಗೆಯಲ್ಲಿ ಕಣಕ್ಕಿಳಿದದ್ದು 1993ರಲ್ಲಿ ಚಲಚ್ಚಿತ್ರಕ್ಕೇ ವಸ್ತುವಾಯಿತೆಂದರೆ, ಆ ಭಾಗ್ಯವೆಷ್ಟು ಅಪೂರ್ವವೆಂಬುದನ್ನು ವಾಚಕರು ಊಹಿಸಬಹುದು.

ಇವರ ಊಟದ ಸ್ಥಿತಿ ಹೇಗಿತ್ತು? ಈ ಆಟಗಳನ್ನು ಆಳುವ ಎನ್.ಸಿ.ಎ.ಎ. ಎಂಬ ಸಂಘದ ನಿಯಮದಂತೆ, ವೇತನ ಪಡೆದವನಿಗೆ ದಿನಕ್ಕೆ ಮೂರು ಊಟ ಅಥವಾ ಅದಕ್ಕೆ ತಕ್ಕ ಹಣ ಸಿಗುತ್ತಿತ್ತು. ವಾಕ್-ಆನ್ ಆದವನು ಅದೇ ಭೋಜನಶಾಲೆಯಲ್ಲಿ ಉಣ್ಣಬೇಕಾದರೆ ತನ್ನ ಹಣವನ್ನೇ ತೆರಬೇಕಾಗಿತ್ತು. ಕಾಲೇಜು ಔದಾರ್ಯದಿಂದ ಬಡಿಸಿದರೆ ಅದೇ ಅಪರಾಧ! ಹಣ್ಣು, ಬೀಜ, ಬೇಗಲ್ ಎಂಬ ರೊಟ್ಟಿಗಳನ್ನು ಉಪಾಹಾರವಾಗಿ ಕೊಡಬಹುದಾಗಿದ್ದರೂ, ಆ ರೊಟ್ಟಿಗೆ ಚೀಸು ಸವರಿದರೆ ಅದು ಊಟವಾಗುತ್ತದೆ, ಆದಕಾರಣ ಕೂಡದು, ಎಂಬಷ್ಟು ಸೂಕ್ಷ್ಮಕ್ಕೆ ಒಂದು ಕಾಲದಲ್ಲಿ ವಿಚಾರವು ಇಳಿದಿತ್ತು. ಭಾರಿ ಮೈಕಟ್ಟಿನ ಆಟಗಾರನಿಗೆ ಅಭ್ಯಾಸದ ದಿನಗಳಲ್ಲಿ 4,000 ಕ್ಯಾಲೊರಿಗಳಿಗೂ ಮಿಕ್ಕ ಆಹಾರ ಬೇಕಾಗುವುದುಂಟು. ಹೊಟ್ಟೆಯು ನಿಯಮಾವಳಿಯನ್ನು ಓದಬಲ್ಲುದೆ? 2014ರ ಏಪ್ರಿಲ್‌ನಲ್ಲಿ, ವೇತನ ಪಡೆಯುತ್ತಿದ್ದ ಪ್ರಸಿದ್ಧ ಬ್ಯಾಸ್ಕೆಟ್‌ಬಾಲ್ ಆಟಗಾರ ಶಬಾಜ್ ನೇಪಿಯರ್ ಸಹ ತಾನು ಹಸಿದು ಮಲಗಿದ ರಾತ್ರಿಗಳುಂಟೆಂದು ಬಹಿರಂಗವಾಗಿ ಹೇಳಿದನು. ಅದೇ ತಿಂಗಳು ಸಂಘವು ನಿಯಮವನ್ನು ಸಡಿಲಿಸಿ, ಪ್ರಥಮ ವಿಭಾಗದ ಕಾಲೇಜುಗಳು ವಾಕ್-ಆನ್‌ಗಳನ್ನೂ ಒಳಗೊಂಡು ಎಲ್ಲ ಆಟಗಾರರಿಗೂ ಮಿತಿಯಿಲ್ಲದೆ ಊಟ ಉಪಾಹಾರಗಳನ್ನು ಕೊಡಬಹುದೆಂದು ನಿಶ್ಚಯಿಸಿತು. ಆಗಸ್ಟ್ 1ರಿಂದ ಅದು ಜಾರಿಗೆ ಬಂದಿತು.

ಇಲ್ಲಿ ಪೂರ್ವಪಕ್ಷಗಳೆರಡು. ಮೊದಲನೆಯದು: ಅವನು ತಾನಾಗಿ ಬಂದವನು, ಏನೂ ದೊರೆಯದೆಂದು ತಿಳಿದೇ ಬಂದವನು, ಅವನಿಗೆ ಋಣವೆಲ್ಲಿಯದು? ಇದಕ್ಕೆ ಸಮಾಧಾನವೇನೆಂದರೆ, ಬಂದದ್ದು ಅವನ ಇಚ್ಛೆಯಾದರೂ ದುಡಿಮೆಯನ್ನು ಸ್ವೀಕರಿಸಿದ್ದು ಕಾಲೇಜಿನ ಇಚ್ಛೆ. ಋಣವು ಹುಟ್ಟುವುದು ಕರೆಯುವುದರಿಂದಲ್ಲ, ಸ್ವೀಕರಿಸುವುದರಿಂದ. ಮದುವೆಯ ಮನೆಗೆ ನೆರೆಯವನು ತಾನಾಗಿ ಬಂದು ಚಪ್ಪರದ ಕಂಬ ನೆಟ್ಟಮೇಲೆ, ಊಟದ ಹೊತ್ತಿಗೆ ‘ನಿನ್ನನ್ನು ಕರೆದವರಾರು?’ ಎಂದು ಕೇಳುವ ಗೃಹಸ್ಥನನ್ನು ಲೋಕವು ಏನೆಂದೀತು?

ಎರಡನೆಯದು: ಅನ್ನ ಕೊಟ್ಟರೆ ಅದು ಕೂಲಿಯಾಗುತ್ತದೆ, ಕೂಲಿಯಿಂದ ಆಟದ ನಿರ್ಮಲತೆಯು ಕೆಡುತ್ತದೆ. ಇದೂ ನಿಲ್ಲತಕ್ಕ ವಾದವಲ್ಲ. ಅದೇ ಆಟಗಾರನಿಗೆ ಕಾಲೇಜು ಶಿರಸ್ತ್ರಾಣವನ್ನು ಕೊಡುತ್ತದೆ. ಪೆಟ್ಟಾದರೆ ಪಟ್ಟಿ ಕಟ್ಟಿಸುತ್ತದೆ. ಅದನ್ನು ಕೂಲಿಯೆಂದು ಯಾರೂ ಹೇಳಲಿಲ್ಲ. ತಲೆಯನ್ನು ಕಾಯುವುದು ಕೂಲಿಯಲ್ಲವಾದರೆ, ಸವೆದ ಮೈಯನ್ನು ತುಂಬುವುದು ಕೂಲಿ ಹೇಗಾದೀತು?

ಆದರೆ ವಿಚಾರವು ಇಲ್ಲಿಗೆ ಮುಗಿಯದು. 2014ರ ನಿಯಮವು ‘ಕೊಡಬಹುದು’ ಎಂದಿತೇ ಹೊರತು ‘ಕೊಡತಕ್ಕದ್ದು’ ಎನ್ನಲಿಲ್ಲ. ಶಾಸ್ತ್ರದ ಮಾತಿನಲ್ಲಿ ಅದು ಅನುಜ್ಞೆ, ವಿಧಿಯಲ್ಲ. ಮುಂದೆ 2025ರ ಜೂನ್ 6ರಂದು, ಆಟಗಾರರು ಹೂಡಿದ ದಾವೆಯೊಂದರಲ್ಲಿ ನ್ಯಾಯಾಲಯವು ಒಪ್ಪಂದವೊಂದಕ್ಕೆ ಸಮ್ಮತಿಸಿತು. ಅದರಂತೆ ಆಟಗಾರರಿಗೆ ಕಾಲೇಜುಗಳು ನೇರವಾಗಿ ಹಣ ಕೊಡುವ ಮಾರ್ಗ ತೆರೆಯಿತು. 85 ವೇತನಗಳ ಮಿತಿ ಹೋಗಿ, ಒಪ್ಪಂದಕ್ಕೆ ಸೇರಿದ ಕಾಲೇಜುಗಳ ಫುಟ್‌ಬಾಲ್ ತಂಡದಲ್ಲಿ ಒಟ್ಟು 105 ಮಂದಿಯೇ ಇರಬೇಕೆಂಬ ಮಿತಿ ಬಂದಿತು. ಈ ಕಟ್ಟಳೆಯಿಂದ ಸ್ಥಾನ ಕಳೆದುಕೊಂಡ ಆಗಿನ ಆಟಗಾರರನ್ನು ಲೆಕ್ಕಕ್ಕೆ ಹಿಡಿಯದೆ ಉಳಿಸಿಕೊಳ್ಳಬಹುದೆಂದು ನ್ಯಾಯಾಧೀಶರ ಒತ್ತಾಯದಿಂದ ವಿನಾಯಿತಿ ದೊರೆಯಿತು, ಅದೂ ಅನುಜ್ಞೆಯೇ. ಮುಂದೆ ನಡೆದು ಬರತಕ್ಕವರಿಗೆ ಬಾಗಿಲು ಕಿರಿದಾಯಿತು.

ಪಂಕ್ತಿಭೇದವು ದೋಷವೆಂದ ಜನರೇ, ಕೆಲವರನ್ನು ಬೇರೆ ಪಂಕ್ತಿಯಲ್ಲಿ ಕೂರಿಸಿ, ಕೆಲವರನ್ನು ಹೊಸ್ತಿಲಾಚೆ ನಿಲ್ಲಿಸಿ, ತಾವು ದೋಷದಿಂದ ಪಾರಾದೆವೆಂದು ತಿಳಿದದ್ದುಂಟು. ಎಲೆಗಳನ್ನು ಸಮ ಮಾಡುವುದು ಒಂದು, ಎಲೆಗಳನ್ನು ಎಣಿಸಿ ತೆಗೆಯುವುದು ಇನ್ನೊಂದು. ಎಲ್ಲರಿಗೂ ಸ್ಥಳ ಮಾಡುವ ಶಕ್ತಿ ಯಾವ ಮನೆಗೂ ಇಲ್ಲವೆಂಬುದು ನಿಜ; ಮಿತಿಯೇ ಅಧರ್ಮವಲ್ಲ. ಆದರೆ ಬಡಿಸುವವನು ತನ್ನ ಸಮತ್ವವನ್ನು ಅಳೆದುಕೊಳ್ಳುವಾಗ ಕುಳಿತವರ ಎಲೆಗಳನ್ನು ಮಾತ್ರ ನೋಡಿದರೆ ಸಾಲದು. ಚಪ್ಪರಕ್ಕೆ ಕಂಬ ನೆಟ್ಟವರಲ್ಲಿ ಎಷ್ಟು ಮಂದಿ ಹೊರಗೆ ನಿಂತಿದ್ದಾರೆಂಬುದನ್ನೂ ನೋಡಬೇಕು.