ಹೊರುವವನ ಹೆಗಲು, ಯಾತ್ರಿಕನ ಪುಣ್ಯ

ತೀರ್ಥವೆಂದರೆ ಹೊಳೆಯನ್ನು ಹಾಯುವ ಸ್ಥಳ. ಸಂಸಾರವನ್ನು ದಾಟಿಸುವ ಎಡೆಯೆಂಬ ಅರ್ಥದಲ್ಲಿ ನಿರ್ವಾಣಭೂಮಿಗಳಿಗೆ ಈ ಹೆಸರು ಸಂದಿದೆ. 24 ತೀರ್ಥಂಕರರಲ್ಲಿ 20 ಮಂದಿಗೆ ಸಮ್ಮೇದ ಶಿಖರವೇ ಮೋಕ್ಷಸ್ಥಾನ. ನೇಮಿನಾಥರಿಗೆ ಗಿರನಾರ. ಆದಿನಾಥರು ಮುಕ್ತರಾದ ಅಷ್ಟಾಪದವನ್ನು ಹಿಮಾಲಯದಾಚೆಯ ಕೈಲಾಸವೆಂದು ಪರಂಪರೆಯು ಗುರುತಿಸುತ್ತ ಬಂದಿದೆ. ಇವೆಲ್ಲವೂ ಬೆಟ್ಟಗಳು. ಬೆಟ್ಟವೆಂದ ಮೇಲೆ ಹತ್ತಬೇಕು. ಹತ್ತಲಾರದವರನ್ನೂ ಅವರ ಗಂಟುಮೂಟೆಗಳನ್ನೂ ಯಾರಾದರೂ ಹೊರಬೇಕು. ಹಾಗೆ ಹೊರುವವನಿಗೂ ಯಾತ್ರಿಕನಿಗೂ ಇರುವ ಸಂಬಂಧವೇನು? ಕೂಲಿಯನ್ನು ಕೊಟ್ಟೊಡನೆ ಅದು ಮುಗಿಯಿತೆ?

ಈ ಪ್ರಶ್ನೆಯು ನಮ್ಮ ಭಾಗದವರಿಗೆ ಹೊಸದೆನಿಸಬಾರದು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳು ಬಂದುವೆಂದರೆ ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಕಡೆಯಿಂದ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರನ್ನು ನಾವೆಲ್ಲ ಕಂಡಿದ್ದೇವೆ. ಕಾಲ್ನಡಿಗೆಯವರಿಗೆ ದಾರಿಯ ಹಳ್ಳಿಗಳು ನೀರು ಕೊಡುತ್ತವೆ, ನೆರಳು ಕೊಡುತ್ತವೆ. ಚಕ್ಕಡಿ ಹೂಡಿಕೊಂಡು ಹೊರಟ ಒಳ್ಳೆಯ ರೈತನು ತಂಗುವಲ್ಲಿ ಮೊದಲು ನೊಗ ಬಿಚ್ಚಿ ಎತ್ತುಗಳಿಗೆ ನೀರು, ಮೇವು ಇಡುತ್ತಾನೆ. ಆಮೇಲೆ ತನ್ನ ಬುತ್ತಿ ಬಿಚ್ಚುತ್ತಾನೆ. ಇಲ್ಲಿ ನಾವು ದಾರಿಯ ಊರಿನವರು. ಪರರ ಊರಿನ ದಾರಿಯಲ್ಲಿ ನಡೆಯುವಾಗ ಈ ತಿಳಿವಳಿಕೆಯು ನಮ್ಮೊಡನೆ ಬರುತ್ತದೆಯೆ ಎಂಬುದೇ ವಿಚಾರಣೀಯ.

ಭಾರತ ಸರಕಾರದ ಕೈಲಾಸ ಮಾನಸಸರೋವರ ಯಾತ್ರೆಯು 1981ರಲ್ಲಿ ಆರಂಭವಾಯಿತು. ಅನೇಕ ವರ್ಷ ಯಾತ್ರಿಕರು ಕಾಳಿ ನದಿಯ ಕಣಿವೆಯಲ್ಲಿ ಬುಧಿ, ಗುಂಜಿ ಮೊದಲಾದ ಹಳ್ಳಿಗಳನ್ನು ಹಾದು, 5000 ಮೀಟರಿಗಿಂತ ಎತ್ತರವಾದ ಲಿಪುಲೇಖ ಕಣಿವೆಮಾರ್ಗವನ್ನು ನಡೆದೇ ಏರುತ್ತಿದ್ದರು. 2020ರಿಂದ ನಿಂತಿದ್ದ ಯಾತ್ರೆಯು 2025ರಲ್ಲಿ ಮರಳಿ ಆರಂಭವಾಯಿತು. ಈಗ ಆ ಮಾರ್ಗದ ಬಹುಭಾಗದಲ್ಲಿ ವಾಹನದ ರಸ್ತೆಯಿದೆ. ಆದರೆ ಕೈಲಾಸದ ಸುಮಾರು 52 ಕಿಲೋಮೀಟರ್ ಪರಿಕ್ರಮದಲ್ಲಿ ಇಂದಿಗೂ ಕೂಲಿಯಾಳು, ಕುದುರೆ, ಯಾಕ್‌ಗಳೇ ಆಸರೆ.

1998ರ ಆಗಸ್ಟ್ ತಿಂಗಳ ಒಂದು ರಾತ್ರಿ, ಇದೇ ದಾರಿಯ ಮಾಲ್ಪಾ ಎಂಬ ಊರಿನ ಮೇಲೆ ಗುಡ್ಡ ಕುಸಿಯಿತು. ಸುಮಾರು 60 ಯಾತ್ರಿಕರೂ ಸೇರಿ 200ಕ್ಕೂ ಹೆಚ್ಚು ಜನ ಮಡಿದರು. ಹೆಸರಘಟ್ಟದ ನೃತ್ಯಗ್ರಾಮವನ್ನು ಕಟ್ಟಿದ ಪ್ರೊತಿಮಾ ಬೇಡಿಯವರು ಅವರಲ್ಲೊಬ್ಬರು. ಅವರನ್ನು ನಾಡು ನೆನೆಯುತ್ತದೆ, ನೆನೆಯುವುದು ಯೋಗ್ಯವೇ. ಆದರೆ ಮಡಿದವರಲ್ಲಿ ಹೆಚ್ಚಿನವರು ಯಾತ್ರಿಕರಲ್ಲ. ಹೊರೆ ಹೊರುವವರು, ಕುದುರೆಯವರು, ಊರವರು, ಕಾವಲಿನವರು ಅಲ್ಲಿದ್ದರು. ಯಾತ್ರಿಕನನ್ನು ಮಳೆಗಾಲದ ಆ ಕಣಿವೆಗೆ ಕರೆತಂದದ್ದು ಶ್ರದ್ಧೆ. ಹೊರೆಯಾಳನ್ನು ಅಲ್ಲಿ ನಿಲ್ಲಿಸಿದ್ದು ಹೊಟ್ಟೆಪಾಡು. ಒಂದೇ ಗುಡ್ಡದಡಿ ಸಿಕ್ಕವರಲ್ಲಿ ಒಬ್ಬನ ಮರಣವನ್ನು ಪುಣ್ಯಮರಣವೆಂದು ಕರೆದು, ಇನ್ನೊಬ್ಬನನ್ನು ಲೆಕ್ಕದ ಅಂಕಿಯಾಗಿ ಬಿಡುವುದು ಸಮ್ಯಗ್ದೃಷ್ಟಿಯ ಲಕ್ಷಣವಲ್ಲ.

ಈ ವಿಷಯದಲ್ಲಿ ನಮ್ಮ ಶಾಸ್ತ್ರವು ಮೌನವಾಗಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವನ್ನೂ ಅನ್ನಪಾನನಿರೋಧವನ್ನೂ ಎಣಿಸಿದೆ: ಶಕ್ತಿಗೆ ಮೀರಿದ ಭಾರವನ್ನು ಹೇರುವುದು, ಹೊತ್ತಿಗೆ ಸರಿಯಾಗಿ ಅನ್ನನೀರು ದೊರೆಯದಂತೆ ಮಾಡುವುದು. ಗಮನಿಸಬೇಕಾದ ಸಂಗತಿಯೆಂದರೆ, ಕೂಲಿ ಕೊಟ್ಟಿದ್ದರೆ ದೋಷವಿಲ್ಲವೆಂಬ ವಿನಾಯಿತಿ ಅಲ್ಲಿಲ್ಲ. ಹಣವು ಶ್ರಮದ ಬೆಲೆಯನ್ನು ತೀರಿಸಬಹುದು. ಹೆಗಲಿನ ನೋವನ್ನು ಕಾಣದೆ ಹೋದ ಪ್ರಮಾದವನ್ನು ತೀರಿಸಲಾರದು. ಇರುವೆಯನ್ನು ಕಂಡು ಹೆಜ್ಜೆ ತಪ್ಪಿಸುವ ಕಣ್ಣು, ಏದುಸಿರು ಬಿಡುತ್ತಿರುವ ಮನುಷ್ಯನನ್ನು ಕಾಣದಿದ್ದರೆ ಆ ಈರ್ಯಾಸಮಿತಿಯು ಅಪೂರ್ಣವೇ ಸರಿ.

ಹಾಗಾದರೆ ಡೋಲಿಯನ್ನೇ ತ್ಯಜಿಸಬೇಕೆ ಎಂದು ಕೆಲವರು ಕೇಳಬಹುದು. ಸಮ್ಮೇದ ಶಿಖರದಲ್ಲಿ ಏರುವುದು, ಟೋಂಕುಗಳ ವಂದನೆ, ಇಳಿಯುವುದು ಸೇರಿ 27 ಕಿಲೋಮೀಟರ್. ವೃದ್ಧರಿಗೂ ಅಶಕ್ತರಿಗೂ ಡೋಲಿಯಿಲ್ಲದೆ ದರ್ಶನವಿಲ್ಲ. ಸುತ್ತಲಿನ ಬಡವರಿಗೆ ಅದೇ ಜೀವನಾಧಾರ. ಎಲ್ಲರೂ ಡೋಲಿ ಬಿಟ್ಟರೆ ಅವರ ಒಲೆ ಉರಿಯದು. ಈ ಮಾತು ನಿಜ. ಆದರೆ ಬಡವನ ಅಗತ್ಯವು ನಮ್ಮ ಅಲಕ್ಷ್ಯಕ್ಕೆ ಸಮರ್ಥನೆಯಾಗದು. ನಡೆಯಬಲ್ಲವನು ಸುಖಕ್ಕಾಗಿ ಏರಿ ಕುಳಿತು, ಕೂಲಿಯಲ್ಲಿ ಚೌಕಾಸಿ ಮಾಡಿ, ಮೇಲೆ ಹೋಗಿ ಧಾರಾಳವಾಗಿ ಬೋಲಿ ಕೂಗಿದರೆ, ಆ ದಾನದ ಒಂದು ಪಾಲನ್ನು ಹೊರುವವನಿಂದಲೇ ಕಸಿದಂತಾಯಿತು. ಅಶಕ್ತನಾದವನು ಕುಳಿತುಕೊಳ್ಳಲಿ, ತಾನು ಬೇರೊಬ್ಬನ ಉಸಿರಿನ ಮೇಲೆ ಸಾಗುತ್ತಿರುವೆನೆಂಬ ಅರಿವಿನಿಂದ ಕುಳಿತುಕೊಳ್ಳಲಿ.

ಯಾತ್ರಾಸಂಘಗಳನ್ನು ಹೊರಡಿಸುವ ಬಸದಿಯ ಟ್ರಸ್ಟುಗಳು ಕೆಲವು ನಿಯಮಗಳನ್ನು ಮಾಡಿಕೊಳ್ಳಬಹುದು. ಮುನಿಗಳು ಚಾತುರ್ಮಾಸದಲ್ಲಿ ವಿಹಾರವನ್ನು ನಿಲ್ಲಿಸುತ್ತಾರೆ. ಶ್ರಾವಕರೂ ಆ ತಿಂಗಳುಗಳಲ್ಲಿ ಪರ್ವತಯಾತ್ರೆಯನ್ನು ಆದಷ್ಟು ಬಿಡಬೇಕು. ಕೂಲಿಯನ್ನು ಹೊರಡುವ ಮುನ್ನವೇ ನ್ಯಾಯವಾಗಿ ಗೊತ್ತುಪಡಿಸಬೇಕು. ಹೊರುವವರಿಗೂ ಯಾತ್ರಿಕರೊಡನೆಯೇ ಊಟ, ನೀರು, ವಿಶ್ರಾಂತಿ ದೊರೆಯಬೇಕು. ಒಯ್ದ ಕಸವನ್ನು ಮರಳಿ ತರಬೇಕು. ಎಲ್ಲಕ್ಕೂ ಮಿಗಿಲಾಗಿ ಸಾಮಾನನ್ನು ಕಡಿಮೆ ಮಾಡಬೇಕು. ಮನೆಯಲ್ಲಿ ಪರಿಗ್ರಹವು ಮೂಲೆಯಲ್ಲಿ ಬಿದ್ದಿರುತ್ತದೆ. ಬೆಟ್ಟದ ದಾರಿಯಲ್ಲಿ ಅದು ಒಬ್ಬನ ಬೆನ್ನಿನ ಮೇಲೆ ಇರುತ್ತದೆ. ಅಪರಿಗ್ರಹವು ಅಹಿಂಸೆಯೇ ಎಂಬ ತತ್ತ್ವವು ಇಷ್ಟು ಸ್ಪಷ್ಟವಾಗಿ ಕಾಣುವ ಎಡೆ ಬೇರೊಂದಿಲ್ಲ.